ಏಳನೇ ಮಂಚದ ಪೈಪು

"ಥೂ ಮುಂಡೇವಾ, ಮೂಗು ಮುಚ್ಕೊಂಡು ನರ್ಸ್ ಆಗ್ತೀರಾ? ಹತ್ರ ಬನ್ರೇ. ಈ ಕೇಸಿಗೇನು ಮಾನಾನಾ ಮರ್ಯಾದೆನಾ."

ಇಸ್ತ್ರಿ ಮೇಡಂ ಹೊದಿಕೆ ಎಳೆದು ಕಾಲಬುಡಕ್ಕೆ ಎಸೆದಳು. ನಮಗೆ ಪಾಠ ಹೇಳುವ ಇವಳ ಕೋಟಿನಲ್ಲಿ ಒಂದು ಸುಕ್ಕು ಕಂಡವರಿಲ್ಲ, ಅದಕ್ಕೇ ಆ ಹೆಸರು.

ಏಳನೇ ಮಂಚದ ಈ ಕೇಸು ಎಂದರೆ ನನ್ನ ಅಮ್ಮ. ಇದೇ ವಾರ್ಡನ್ನು ಹದಿನಾರು ವರ್ಷ ಒರೆಸಿ, ಕೊನೆಗೆ ತಾನೇ ಒರೆಸಿದ ನೆಲದಲ್ಲಿ ಜಾರಿ ಸೊಂಟ ಮುರಿದುಕೊಂಡವಳು. ಆಪರೇಷನ್ನಿನ ದಿನ ಮೂತ್ರಕ್ಕೆ ಪೈಪು ಹಾಕಿದರು. ಮೂರನೇ ದಿನ ತೆಗೆಯಿರಿ ಎಂದು ಡಾಕ್ಟರು ಬರೆದಿದ್ದರು. ಇವತ್ತಿಗೆ ಹನ್ನೊಂದು. ನಾನು ಮಗಳೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. "ಕಸ ಗುಡ್ಸೋಳ್ ಮಗಳು ಅಂದ್ರೆ ನಿನ್ನನ್ನೂ ಗುಡ್ಸಿ ಬಿಸಾಕ್ತಾರೆ, ಬಾಯ್ ಬಿಡ್ಬೇಡ" ಎಂದು ನಾನು ನರ್ಸಿಂಗಿಗೆ ಸೇರಿದ ದಿನವೇ ಅಮ್ಮ ಆಣೆ ಹಾಕಿಸಿಕೊಂಡಿದ್ದಳು.

ನಾವು ಹದಿನಾಲ್ಕು ಹುಡುಗಿಯರು ಸಾಲಾಗಿ ಬಂದು ಮುಟ್ಟಿ, ಎಳೆದು, ಒರೆಸಿ ಕಲಿತೆವು. ಒಂದೇ ಜೊತೆ ಗ್ಲೌಸು ಕೈಯಿಂದ ಕೈಗೆ ದಾಟಿತು. ಚೀಲದೊಳಗೆ ಮೂತ್ರ ಕೆಸರುನೀರಿನಂತೆ ಕದಡಿತ್ತು. ನಾತ ಹೇಸಿಗೆ ತರಿಸುತ್ತಿತ್ತು. ಸರದಿ ಬಂದಾಗ ನಾನೂ ಕೈ ಹಾಕಿದೆನಲ್ಲ, ಅದಕ್ಕೆ ಇನ್ನೂ ಹೇಸಿಗೆಯಾಯಿತು. ಅಮ್ಮ ಫ್ಯಾನು ನೋಡುತ್ತಿದ್ದಳು.

"ಮೇಡಂ, ಅವ್ರಿಗೆ ನಿನ್ನೆಯಿಂದ ಚಳಿಜ್ವರ. ತೆಗೆದುಬಿಡೋಣ. ಕಲಿಯೋಕೆ ಗೊಂಬೆ ಇದ್ಯಲ್ಲ" ಎಂದೆ.

"ಗೊಂಬೆ ಹಾಳಾದ್ರೆ ನಿಮ್ಮಪ್ಪ ತಂದ್ಕೊಡ್ತಾನಾ? ನಾಳೆ ಇನ್ಸ್‌ಪೆಕ್ಷನ್. ಅದು ಮುಗಿಯೋವರ್ಗೂ ಪೈಪ್ ಇರ್ಲಿ. ಕಸ ಗುಡ್ಸೋಳಿಗೆ ಜ್ವರ ಬಂದ್ರೆ ಆಕಾಶ ಕಳಚಿ ಬೀಳಲ್ಲ."

ಕಲಿಕೆಯ ಗೊಂಬೆ ಬಂದು ಎರಡು ವರ್ಷವಾದರೂ ಗಾಜಿನ ಬೀರುವಿನಿಂದ ಇಳಿದಿಲ್ಲ, ಮೈಮೇಲಿನ ಪ್ಲಾಸ್ಟಿಕ್ ಬಿಚ್ಚಿಲ್ಲ. ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದವಳೂ ಅಮ್ಮನೇ.

ಮರುದಿನ ಟೈ ಕಟ್ಟಿದ ಮೂವರು ಬಂದರು. ಅಮ್ಮನ ಮಂಚದ ಪಕ್ಕದ ಮೇಜಿನ ಮೇಲೆ ಗೊಂಬೆಯನ್ನು ಪ್ಲಾಸ್ಟಿಕ್ ಸಮೇತ ಮಲಗಿಸಿದ್ದರು. ಇಸ್ತ್ರಿ ಮೇಡಂ ದನಿಗೆ ಜೇನು ಸವರಿಕೊಂಡಳು. "ಬಾಮ್ಮ, ಪೈಪಿನ ಆರೈಕೆ ಹೇಗೆ ಅಂತ ಸಾಹೇಬ್ರಿಗೆ ತೋರ್ಸು."

ಕೈ ತೊಳೆದು ಹೊಸ ಗ್ಲೌಸು ಹಾಕಿದೆ. ಅಮ್ಮನ ಮೈ ಅವರಿಗೆ ಕಾಣದಂತೆ ಹೊದಿಕೆ ಸರಿಮಾಡಿದೆ.

"ನಮ್ ಪುಸ್ತಕದಲ್ಲಿ ಮೊದಲ್ನೇ ಸಾಲು ಇದು ಸಾರ್. ದಿನಾ ಬೆಳಿಗ್ಗೆ ಕೇಳ್ಬೇಕು, ಈ ಪೈಪ್ ಇವ್ರಿಗೆ ಇನ್ನೂ ಬೇಕಾ ಅಂತ. ಬೇಡ."

ಪೈಪು ಜಾರದಂತೆ ಒಳಗಿರುವ ಬಲೂನಿನ ನೀರನ್ನು ಸಿರಿಂಜಿನಿಂದ ಎಳೆದು, ಮೆಲ್ಲಗೆ ಹೊರತೆಗೆದೆ. ಅಮ್ಮ ಹಲ್ಲು ಕಚ್ಚಿದಳು. ತುದಿಯಲ್ಲಿ ಕೀವು, ರಕ್ತ.

"ಯಾವಳೇ ತೆಗಿ ಅಂದಿದ್ದು, ಬೋಳಿಮುಂಡೆ" ಎಂದು ಮೇಡಂ ಕಿವಿಯ ಬಳಿ ಬುಸುಗುಟ್ಟಿದಳು.

ಪೈಪನ್ನೂ ಚೀಲವನ್ನೂ ಒಯ್ದು ಗೊಂಬೆಯ ಹೊಟ್ಟೆಯ ಮೇಲಿಟ್ಟೆ. ಎರಡು ವರ್ಷದ ಪ್ಲಾಸ್ಟಿಕ್ ಮೇಲೆ ಹಳದಿ ನೀರು ಇಳಿಯಿತು. ಟೈಗಳು ಕರ್ಚೀಫು ಹಿಡಿದು ಹಿಂದೆ ಸರಿದವು.

"ಎಷ್ಟು ದಿನ ಇತ್ತಿದು?" ಎಂದ ಅವರಲ್ಲಿ ಹಿರಿಯ.

"ಎರಡು ದಿನ ಸಾರ್" ಎಂದಳು ಮೇಡಂ.

ಅಮ್ಮ ಫ್ಯಾನಿನಿಂದ ಕಣ್ಣು ತೆಗೆದಳು.

"ಹನ್ನೆರಡು ಸಾರ್. ಕೈ ಹಾಕ್ದೋರು ಹದಿನಾಲ್ಕು ಜನ. ಅದ್ರಲ್ಲಿ ಒಬ್ಳು ನನ್ ಮಗಳು."