ಬ್ರೇಕಿನ ರಾಡು

"ಹದಿನಾಲ್ಕರ ಸ್ಪ್ಯಾನರ್ ಕೇಳಿದ್ರೆ ಹನ್ನೆರಡರದ್ದು ಕೊಡ್ತೀಯಲ್ಲ ಅಣ್ಣ! ಪೋಸ್ಟಾಫೀಸಲ್ಲಿ ಕಾಗದಗಳನ್ನೂ ಹೀಗೇ ಹಂಚ್ತಿದ್ಯಾ?"

"ಕಾಗದದ ಮೇಲೆ ವಿಳಾಸ ಇರ್ತಿತ್ತು ಕಣೋ. ಇದರ ಮೇಲೆ ಇರೋದು ಬರೀ ತುಕ್ಕು," ಎಂದು ಗೊಣಗುತ್ತ ಅಣ್ಣ ಹದಿನಾಲ್ಕರದ್ದನ್ನು ಹುಡುಕಿ ಕೊಟ್ಟ.

ಹಿತ್ತಲ ಶೆಡ್ಡಿನ ಮುಂದೆ, ಬೆಳಗಿನ ಬಿಸಿಲಲ್ಲಿ, ಹಳೆಯ ಮೋಟಾರ್ ಸೈಕಲ್ಲು ಮೈಯೆಲ್ಲ ಬಿಚ್ಚಿಕೊಂಡು ಸ್ಟ್ಯಾಂಡಿನ ಮೇಲೆ ನಿಂತಿತ್ತು. ಟ್ಯಾಂಕು, ಸೀಟು ಗೋಡೆಗೆ ಒರಗಿದ್ದವು. ಕಾರ್ಬುರೇಟರಿಗೆ ಅತ್ತಿಗೆಯ ಹಳೆಯ ಬಾಣಲೆಯಲ್ಲಿ ಸೀಮೆಎಣ್ಣೆಯ ಸ್ನಾನ ನಡೆದಿತ್ತು. ಮೂವತ್ತು ವರ್ಷ ಮೂಲೆ ಹಿಡಿದಿದ್ದ ಈ ಗಾಡಿಗೆ ಗುಜರಿಯವನು ಗಿರಾಕಿಯಾಗಿ ಬಂದಾಗ ತಡೆದವನು ತಮ್ಮನೇ. ಅವನು ಬಡಗಿ, ಮರ ಬಿಟ್ಟು ಕಬ್ಬಿಣಕ್ಕೆ ಕೈಹಾಕಿದ್ದು ಅಣ್ಣನಿಗಾಗಿ. ಅಣ್ಣ ಹೋದ ತಿಂಗಳಷ್ಟೇ ನಿವೃತ್ತನಾಗಿದ್ದ. ಭಾನುವಾರ ಇಬ್ಬರೂ ಹೊಳೆಯ ದಂಡೆಯವರೆಗೆ ಸುಮ್ಮನೆ ಒಂದು ಸುತ್ತು ಹೋಗಿಬರೋಣ ಎಂದರೆ ಅಣ್ಣ ಮೊದಲೇ ಷರತ್ತು ಹಾಕಿದ್ದ: "ನೀನು ಓಡಿಸೋದಾದ್ರೆ ಸರಿ. ನಾನು ಹಿಂದೆ ಕೂರ್ತೀನಿ."

ಇದೇ ಗಾಡಿಯಲ್ಲಿ ಅಪಘಾತವಾದ ಮೇಲೆ ಅವನು ಯಾವ ಗಾಡಿಯ ಹ್ಯಾಂಡಲನ್ನೂ ಹಿಡಿದವನಲ್ಲ. ಆ ಕಥೆ ಮನೆಮಂದಿಗೆಲ್ಲ ಬಾಯಿಪಾಠ. ಮದುವೆಯಾದ ಹೊಸತರಲ್ಲಿ ಅತ್ತಿಗೆಯನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದವನು ಸೇತುವೆಯ ಕಟ್ಟೆಗೆ ಗುದ್ದಿದ್ದ. ಅವನಿಗೆ ತರಚು ಗಾಯ. ಅವಳ ಮಂಡಿ ಚೂರಾಯಿತು. "ಬ್ರೇಕ್ ಒತ್ತಿದೆ, ಹಿಡೀಲೇ ಇಲ್ಲ," ಎಂದು ಆಸ್ಪತ್ರೆಯಲ್ಲಿ ಅವನು ಬಡಕೊಂಡದ್ದೇ ಬಂತು. ಅಪ್ಪ ಕೆರಳಿ, "ಹೆಂಡತಿ ಮುಂದೆ ಶೋಕಿ ಮಾಡೋಕ್ ಹೋಗಿ ಈಗ ಗಾಡಿ ಮೇಲೆ ತಪ್ಪು ಹೊರಿಸ್ತೀಯಾ?" ಎಂದಿದ್ದರು. ಆಗ ಇಪ್ಪತ್ತೈದರ ಬಡಗಿ, ಯಾರೂ ಕೇಳದಿದ್ದರೂ ನಡುವೆ ಬಾಯಿ ಹಾಕಿದ್ದ: "ನಿನ್ನೆ ತಾನೇ ಹಿಂದಿನ ಬ್ರೇಕು ನಾನೇ ಬಿಗಿ ಮಾಡಿದೀನಪ್ಪ. ಗಟ್ಟಿಯಾಗೇ ಇತ್ತು." ಅಲ್ಲಿಗೆ ಮಾತು ಮುಗಿಯಿತು. ಆ ಗಾಡಿಯ ಮುಂದಿನ ಬ್ರೇಕು ಮೊದಲಿನಿಂದಲೂ ಹೆಸರಿಗಷ್ಟೇ ಇತ್ತು.

ಅಂದಿನಿಂದ ಅತ್ತಿಗೆಯ ಬಲಮಂಡಿ ಮಡಚುವುದಿಲ್ಲ. ಅಣ್ಣ ಅವಳೆದುರು ಒಂದು ದಿನವೂ ದನಿ ಎತ್ತಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಅವನ ನಾಲಿಗೆಯೇ ಸರಿಯಿಲ್ಲ, ಬಾಗಿಲ ಚಿಲಕ ಹಾಕದೆ ಮಲಗಿದ್ದರೆ ಅದೂ ಅವನದೇ ತಪ್ಪು. ಜಗಳದಲ್ಲಿ ಇವಳು ಸೋತದ್ದೇ ಇಲ್ಲ ಎಂದು ನೆಂಟರಿಷ್ಟರೆಲ್ಲ ನಗುತ್ತಿದ್ದರು. ಬಡಗಿಯೂ ನಕ್ಕವನೇ.

ಈಗ ಅವನು ಗಾಡಿಯ ಹೊಟ್ಟೆಯ ಕೆಳಗೆ ಕೈ ತೂರಿಸಿ, ಬ್ರೇಕಿನ ಉದ್ದ ರಾಡನ್ನು ಬಿಚ್ಚಿ ಹೊರಗೆಳೆದ. ಅಪಘಾತದಲ್ಲೇ ಕಳಚಿರಬೇಕೆಂದು ಯಾರೋ ಅದನ್ನು ಅಂದು ತಂತಿಯಲ್ಲಿ ಎತ್ತಿ ಕಟ್ಟಿದ್ದರು. ಬೆರಳಿನಿಂದ ಮಣ್ಣು ಉಜ್ಜಿದ. ಪೆಡಲಿಗೆ ಸಿಕ್ಕಿಸುವ ತುದಿಯಲ್ಲಿ ಒಂದು ಸಣ್ಣ ತೂತು. ರಾಡು ಜಾರದಂತೆ ಅಲ್ಲಿ ಉಕ್ಕಿನ ಪಿನ್ನು ಇರಬೇಕು. ಆದರೆ ಇದ್ದದ್ದು ಮುರಿದ ಮೊಳೆಯ ನಡುತುಂಡು. ಚೌಕಟ್ಟಿಗೆ ಗಾಜು ಕೂರಿಸುವ ಮೊಳೆ.

ಅಪಘಾತದ ಹಿಂದಿನ ದಿನ ಬ್ರೇಕು ಬಿಗಿ ಮಾಡಿದ್ದು ಬಡಗಿಗೆ ನೆನಪಾಯಿತು. ಪಿನ್ನು ಎಲ್ಲೋ ಹುಲ್ಲಿನಲ್ಲಿ ಬಿದ್ದುಹೋಗಿತ್ತು. ಅಂಗಡಿಗೆ ಹೋಗಲು ಸೋಮಾರಿತನ. ಕೆಲಸದ ಚೀಲದಲ್ಲಿ ಮೊಳೆಗಳಿದ್ದವು. ಒಂದನ್ನು ತೂರಿಸಿ, ಸುತ್ತಿಗೆಯಿಂದ ತುದಿ ಬಗ್ಗಿಸಿ, ನಾಳೆ ಬದಲಾಯಿಸಿದರಾಯಿತು ಎಂದುಕೊಂಡಿದ್ದ. ಆಮೇಲೆ ನಿಜವಾಗಿಯೂ ಮರೆತುಬಿಟ್ಟಿದ್ದ. ಆಸ್ಪತ್ರೆಯಲ್ಲಿ ಆ ಮಾತು ಹೇಳುವಾಗಲೂ ನೆನಪಾಗಿರಲಿಲ್ಲ.

"ಏನೋ ಅದು?" ಎಂದ ಅಣ್ಣ, ಎಮರಿ ಕಾಗದದಿಂದ ಚಕ್ರದ ಕಡ್ಡಿಗಳ ತುಕ್ಕನ್ನು ಉಜ್ಜುತ್ತ.

"ಏನಿಲ್ಲ. ಕಸ."

ರಾಡನ್ನು ಚಿಂದಿಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟ. ಅಷ್ಟು ಸುಲಭ. ಹೊಸ ರಾಡು ತಂದರೆ ಲೋಕದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಆದರೂ ಆ ಬಟ್ಟೆಯನ್ನು ಕಾಲಿನಿಂದ ಇನ್ನಷ್ಟು ಹಿಂದಕ್ಕೆ ತಳ್ಳಿದ.

ಅತ್ತಿಗೆ ಹಿಂಬಾಗಿಲಲ್ಲಿ ಕಾಫಿ ಲೋಟಗಳನ್ನು ಹಿಡಿದು ನಿಂತಳು. ಅಣ್ಣ ಓಡಿಹೋಗಿ ಇಸಕೊಂಡ.

"ನಿಮ್ಮ ರಥ ಯಾವಾಗ ಹೊರಡತ್ತೆ?" ಎಂದಳು ಅವಳು. "ಇವರ ಕೈಗೆ ಮಾತ್ರ ಕೊಡಬೇಡಪ್ಪ. ಇಳಿಜಾರು ಬಂದ್ರೆ ಬ್ರೇಕು ಒತ್ತೋದೇ ಮರೆತುಬಿಡ್ತಾರೆ."

ಹಳೆಯ ತಮಾಷೆ. ಎಂದಿನಂತೆ ಅಣ್ಣನೂ ನಕ್ಕ. "ನಿಜ ಕಣೇ. ಗಾಬರೀಲಿ ಒತ್ತೇ ಇರಲಿಲ್ಲವೇನೋ. ಒತ್ತಿದ್ರೆ ಹಿಡೀಬೇಕಿತ್ತಲ್ಲ?"

ಇಷ್ಟು ವರ್ಷ ಎಲ್ಲರೂ ಹೇಳಿ ಹೇಳಿ, ಅಣ್ಣ ತನ್ನ ಕಾಲನ್ನೇ ನಂಬದಂತಾಗಿದ್ದ. ಬಡಗಿ ಕಾಫಿ ಲೋಟ ಕೆಳಗಿಟ್ಟ.

"ಅಣ್ಣ, ನೀನು ಮರೆತಿರಲಿಲ್ಲ."

"ಏನು?"

"ನೀನು ಒತ್ತಿದ್ದೆ. ರಾಡು ಕಳಚಿಕೊಂಡಿತ್ತು." ಚಿಂದಿ ಬಿಚ್ಚಿ ರಾಡಿನ ತುದಿ ತೋರಿಸಿದ. "ಪಿನ್ ಇರಲಿಲ್ಲ ಅಂತ ಹಿಂದಿನ ದಿನ ನಾನು ಮೊಳೆ ಹೊಡೆದಿದ್ದೆ. ಅದು ಮುರಿದಿದೆ. ಆಮೇಲೆ ಆಸ್ಪತ್ರೇಲಿ, ಎಲ್ಲರ ಮುಂದೆ, ಗಟ್ಟಿಯಾಗಿತ್ತು ಅಂದವನೂ ನಾನೇ. ಅತ್ತಿಗೆ, ನಿಮ್ಮ ಕಾಲು ಹೋಗಿದ್ದು ನನ್ನಿಂದ."

ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಣ್ಣ ರಾಡನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ತುದಿಯನ್ನು ಕಣ್ಣ ಹತ್ತಿರ ತಂದು ಬಹಳ ಹೊತ್ತು ನೋಡಿದ. ಬಾಯಿಗೆ ಬಂದಂತೆ ಬೈಯಲಿ, ಎರಡು ಬಾರಿಸಲಿ ಎಂದು ಬಡಗಿ ತಲೆತಗ್ಗಿಸಿ ಕಾದ. ಅಣ್ಣ ರಾಡನ್ನು ಮೆಲ್ಲಗೆ ನೆಲಕ್ಕಿಟ್ಟು, ಕಾಲೆತ್ತಿ ಹಾಕಿ, ಸೀಟಿಲ್ಲದ ಗಾಡಿಯ ಬರೀ ಕಬ್ಬಿಣದ ಮೇಲೆ ಕೂತ. ಎರಡೂ ಕೈಯಲ್ಲಿ ಹ್ಯಾಂಡಲು ಹಿಡಿದ. ಪೆಡಲಿನ ಮೇಲೆ ಪಾದವಿಟ್ಟು ಒತ್ತಿದ. ಅದು ಬಿಗಿಯೇ ಇಲ್ಲದೆ ಕೆಳಗೆ ಹೋಯಿತು.

"ನೋಡೇ," ಎಂದ. ದನಿ ಹಿತ್ತಲ ಗೋಡೆಗೆ ಬಡಿಯುವಷ್ಟು ದೊಡ್ಡದಾಗಿತ್ತು. "ಹೀಗೆ ಒತ್ತಿದ್ದೆ. ಹೇಳಿದ್ನೋ ಇಲ್ವೋ ನಿಂಗೆ?"

"ಹೇಳಿದ್ರಿ," ಎಂದಳು ಅತ್ತಿಗೆ. "ಹೇಳಿದ್ರಿ ರೀ. ನಾನೇ ನಂಬಲಿಲ್ಲ."

ಅಣ್ಣ ಕಾಲಿನ ಹೆಬ್ಬೆರಳಿನಿಂದ ಪೆಡಲನ್ನು ಮೇಲೆತ್ತಿ ಮತ್ತೆ ಒತ್ತಿದ. "ಹೀಗೆ." ಮತ್ತೆ ಎತ್ತಿ ಒತ್ತಿದ. "ಹೀಗೆ." ಗಾಡಿ ಸ್ಟ್ಯಾಂಡಿನ ಮೇಲೆ ಹೊಯ್ದಾಡತೊಡಗಿತು. ಬಡಗಿ ಹಿಂದಿನಿಂದ ಬಂದು, ಅಣ್ಣ ಬೀಳದಂತೆ, ಎರಡೂ ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದು ನಿಂತ. ಅಣ್ಣ ತಿರುಗಿ ನೋಡಲಿಲ್ಲ; ಒತ್ತುತ್ತಲೇ ಇದ್ದ.