ಗಂಗಿ ಆಡಿದ ಮಾತು

"ಇನ್ನೊಂದ್ಸಲ ನೋಡ್ವಾ," ಎಂದು ಅನೂಪ ಚಿತ್ರವನ್ನು ಹಿಂದಕ್ಕೆ ಓಡಿಸಿದ. ಪರದೆಯ ಮೇಲೆ ಗಂಗಿ ಸೊಂಟಮಟ್ಟದ ನೀರಿನಲ್ಲಿ ಮತ್ತೆ ಮುಖ ತಿರುಗಿಸಿ ಬಾಯಿ ತೆರೆದಳು. ದನಿ ಮಾತ್ರ ಇರಲಿಲ್ಲ. ಅಂದಿನ ಗಾಳಿ ಅದನ್ನು ನುಂಗಿತ್ತು.

ಕುಮಟೆಯ ಆ ಸಣ್ಣ ಕೋಣೆಯಲ್ಲಿ ಹೊರಗಿನ ಸದ್ದು ಬಾರದಂತೆ ಗೋಡೆಗೆ ಹಾಸಿಗೆ ತೂಗುಹಾಕಿದ್ದರು. ಸುಷ್ಮಾ ಮೈಕಿನ ಮುಂದೆ ನಿಂತಿದ್ದಳು. ಬೆಳಿಗ್ಗೆ ಅಘನಾಶಿನಿ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವುದು, ಆಮೇಲೆ ಕಾಲೇಜು, ಸಂಜೆ ಬಟ್ಟೆ ಅಂಗಡಿ. ಅವಳ ಈ ಬದುಕನ್ನೇ ಅನೂಪ ಸಿನಿಮಾ ಮಾಡಿದ್ದ. ಮಗಳಾಗಿ ಅವಳೇ, ತಾಯಿಯಾಗಿ ಅವಳ ತಾಯಿ ಗಂಗಿಯೇ ನಟಿಸಿದ್ದರು. ದೊಡ್ಡ ಥಿಯೇಟರಿಗೆ ಬರುವ ಚಿತ್ರವಲ್ಲ, ನೋಡುವವರು ನಮ್ಮ ಮನೆಯವರೇ ಎಂದು ಅವನು ನಗುತ್ತಿದ್ದ. ಮಳೆಗಾಲದ ಜ್ವರದಲ್ಲಿ ಗಂಗಿ ತೀರಿಕೊಂಡಳು. ದೇವರು ಕೊಟ್ಟವಳನ್ನು ದೇವರೇ ಕರೆದುಕೊಂಡ. ಈಗ ಅವಳ ಮಾತನ್ನು ಮಗಳು ಆಡಬೇಕಿತ್ತು. ಇಬ್ಬರದೂ ಒಂದೇ ದನಿ.

ತಂದೆ ದುರ್ಗಪ್ಪ ಅದೇ ಹೊಳೆಯಲ್ಲಿ ಬಲೆ ಬೀಸಿ ಬಾಳಿದವನು. ಅವನಿಗೆ ಇದು ಒಪ್ಪಿಗೆಯಿರಲಿಲ್ಲ.

"ಹೋದೋರ ಬಾಯಲ್ಲಿ ಅವ್ರು ಆಡದ ಮಾತು ಇಡೂಕಾಗೂದಿಲ್ಲ, ಮಗಾ," ಎಂದಿದ್ದ. "ಅವ್ಳಿಗೆ ಶಾಂತಿ ಸಿಗೂದಿಲ್ಲ."

ಆದರೂ ಮಗಳನ್ನು ಒಬ್ಬಳೇ ಕಳಿಸಲಾರದೆ ಬಂದು, ಪರದೆಗೆ ಬೆನ್ನು ಮಾಡಿ ಮೂಲೆಯಲ್ಲಿ ಕುಳಿತಿದ್ದ.

ಅನೂಪ ಬರೆದಿದ್ದ ಮಾತು, 'ನೀನಾದರೂ ಓದಿ ದೊಡ್ಡವಳಾಗು' ಎಂದು. ಹೇಗೆ ಹೇಳಿದರೂ ತುಟಿಗೆ ಹೊಂದಲಿಲ್ಲ. ಗಂಗಿ ಮಾತು ಮರೆತು ಬೇರೇನೋ ಅಂದಿರಬೇಕು, ಮುಖ ಕಾಣದಂತೆ ಕತ್ತರಿಸಿದರಾಯಿತು ಎಂದ ಅವನು.

ಸುಷ್ಮಾ ಪರದೆಯನ್ನೇ ನೋಡಿದಳು. ತಾಯಿಯ ಹಿಂದೆ ನೊರೆ ಹೊಳೆಯ ಒಳಮುಖವಾಗಿ ಸರಿಯುತ್ತಿತ್ತು. ಭರತ ಹಿಡಿದಿತ್ತು. ಸಮುದ್ರದ ನೀರು ಏರತೊಡಗಿದ್ದನ್ನು ಮೊದಲು ಕಂಡವರು ಕೂಗಬೇಕು, ಕೇಳಿದವರೆಲ್ಲ ಮೇಲೆ ಬರಬೇಕು. ಬಳಚು ಹೆಕ್ಕುವ ಹೆಂಗಸರ ಕಟ್ಟಳೆ ಅದು. ಕ್ಯಾಮೆರಾ ಎದುರಿಗಿದ್ದರೂ ಗಂಗಿ ಅದನ್ನು ಮೀರಿರಲಿಲ್ಲ.

"ಅವ್ವಿ ಮರ್ತದ್ದಲ್ಲ," ಎಂದಳು. "ಮುಖ ಕತ್ತರಿಸ್ಬೇಡಿ. ಅವ್ಳು ಎಂತ ಅಂದಿದ್ಳೋ ಅದನ್ನೇ ನಾ ಹೇಳ್ತೆ."

ಅನೂಪ ತನ್ನ ಕಾಗದ ನೋಡಿದ, ಅವಳ ಮುಖ ನೋಡಿದ. "ಆತು," ಎಂದ.

ಗಂಗಿ ಮುಖ ತಿರುಗಿಸಿದಳು. ಸುಷ್ಮಾ ಎದೆತುಂಬ ಉಸಿರೆಳೆದು, ತುಟಿ ಅಲುಗಿದ ಕೂಡಲೇ ಕೂಗಿದಳು.

"ನೀರ್ ಏರ್ತೂ... ಮೇಲೆ ಬಾರೇ, ಮಗಾ..."

ಮೂಲೆಯಲ್ಲಿ ದುರ್ಗಪ್ಪ, ನೀರಿನಿಂದ ಮೇಲೆ ಬರುವವನಂತೆ, ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಹಿಡಿದು ಎದ್ದು ನಿಂತ.