ಉಳಿದ ಒಂದು ಕೆಂಪು ಚೀಟಿ

ಏಪ್ರಿಲ್ ಬಿಸಿಲಿಗೆ ವಿಹಾರದ ತಗಡಿನ ಚಾವಡಿ ಕಾದ ಕಾವಲಿಯಾಗಿತ್ತು. ಇಪ್ಪತ್ತೊಂದು ವರ್ಷ ತುಂಬಿದ ಹುಡುಗರೆಲ್ಲ ಅಂಗಿ ಬಿಚ್ಚಿ, ತೋಳಿನ ಮೇಲೆ ನಂಬರು ಬರೆಸಿಕೊಂಡು ಕೂತಿದ್ದರು. ಪೆಟ್ಟಿಗೆಯೊಳಗೆ ಕೈ ಹಾಕಿ ಚೀಟಿ ಎತ್ತಬೇಕು. ಕಪ್ಪು ಬಂದರೆ ಮನೆಗೆ, ಕೆಂಪು ಬಂದರೆ ಎರಡು ವರ್ಷ ಸೈನ್ಯಕ್ಕೆ. ಸಂತೆಯಲ್ಲಿ ಕೋಳಿ ಕೊಳ್ಳುವವರಾದರೂ ನಾಲ್ಕು ಸಲ ತಿರುಗಿಸಿ ನೋಡುತ್ತಾರೆ. ಸರ್ಕಾರಕ್ಕೆ ಆ ತಾಪತ್ರಯವೂ ಇಲ್ಲ.

ಥಾನೊಂಗ್ ಬೇಲಿಯಾಚೆ ನಿಂತ ಅಮ್ಮನನ್ನು ನೋಡಿದ. ಕೈಯಲ್ಲಿ ಮಲ್ಲಿಗೆ ಹಾರ, ತುಟಿಯಲ್ಲಿ ಹರಕೆ. ಅವಳ ಹಿರಿಮಗ ವಿರೋಜ್ ಹೋದ ವರ್ಷ ಕೆಂಪು ಚೀಟಿ ಎತ್ತಿದವನು, ಮಳೆಗಾಲ ಮುಗಿಯುವ ಮೊದಲೇ ಶವಪೆಟ್ಟಿಗೆಯಲ್ಲಿ ವಾಪಸ್ಸು ಬಂದಿದ್ದ. ಜ್ವರ ಅಂದರು. ಊರೂ ನಂಬಿತು. ಆದರೆ ಹೆಣಕ್ಕೆ ಬಟ್ಟೆ ಬದಲಿಸಿದ್ದು ಥಾನೊಂಗ್. ಅಣ್ಣನ ಬೆನ್ನ ತುಂಬ ಬೆಲ್ಟಿನ ಬರೆ, ಕಪ್ಪುಗಟ್ಟಿದ ಪಕ್ಕೆ. ಹೂಗುಚ್ಛ ತಂದಿದ್ದ ಅಧಿಕಾರಿ, “ಇನ್ನೊಬ್ಬ ಮಗ ಇದಾನಲ್ಲಮ್ಮ, ಅವನ ಬಗ್ಗೆ ಯೋಚನೆ ಮಾಡಿ” ಎಂದು ಹೇಳಿಹೋಗಿದ್ದ. ಅಂದಿನಿಂದ ತಾಯಿ ಮಗ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಕ್ಯಾಪ್ಟನ್ ಮೈಕು ಹಿಡಿದ. “ಕೇಳ್ರಪ್ಪಾ! ಕೆಲವರು ತಾವಾಗೇ ಸೇರಿದ್ರಿಂದ ಈಗ ಉಳಿದಿರೋದು ಒಂದೇ ಒಂದು ಕೆಂಪು. ಇನ್ನೊಬ್ಬ ಎದ್ದು ನಿಂತ್ರೆ ಚೀಟಿ ಎತ್ತೋದೇ ಬೇಡ, ಮಿಕ್ಕೋರೆಲ್ಲ ಮನೆಗೆ ಹೋಗಿ. ಎದ್ದು ಬಂದೋನಿಗೆ ಕೇಳಿದ ಕ್ಯಾಂಪು ಕೊಡ್ತೀವಿ.”

ಒಂದೊಂದೇ ತಲೆ ಮೊಟ್‌ನ ಕಡೆ ತಿರುಗಿತು. ಹೆತ್ತವರ ಗುರುತಿಲ್ಲದ ಮೊಟ್, ಭಿಕ್ಷುಗಳು ಉಂಡು ಬಿಟ್ಟದ್ದನ್ನು ಉಂಡು ಇದೇ ವಿಹಾರದಲ್ಲಿ ಬೆಳೆದವನು. ಥಾನೊಂಗ್ ಜೊತೆ ಕೆಸರಿನಲ್ಲಿ ಚಿಪ್ಪು ಹೆಕ್ಕುತ್ತಿದ್ದ. ಓರಗೆಯವರನ್ನೂ ಅಣ್ಣ ಎನ್ನುತ್ತಿದ್ದ.

“ಏಳೋ ಮೊಟ್. ನಿಂಗೇನು, ಹಿಂದಿಲ್ಲ ಮುಂದಿಲ್ಲ!”

“ಬೂಟು ಕೊಡ್ತಾರೆ ಕಣೋ. ನಿನ್ನ ಕಾಲು ಯಾವತ್ತು ಬೂಟು ಕಂಡಿದೆ?”

ಮೊಟ್ ಹಲ್ಲು ಬಿಟ್ಟು ನಕ್ಕ. ಇಷ್ಟು ಜನ ತನ್ನನ್ನು ಮಾತಾಡಿಸಿದ್ದು ಇದೇ ಮೊದಲು. ಅವನು ಥಾನೊಂಗ್ ಕಡೆ ತಿರುಗಿದ. “ಅಣ್ಣಾ, ವಿರೋಜ್ ದೊಡ್ಡಣ್ಣ ಅಲ್ಲಿದ್ರಲ್ಲ. ಹೆಂಗಿರುತ್ತೆ? ನೀನು ಹೇಳಿದ್ರೆ ಹೋಗ್ತೀನಿ.”

ಬೇಡ ಅಂದರೆ ಸಾಕಿತ್ತು. ಆದರೆ ಹಾಗೆ ಅಂದುಬಿಟ್ಟರೆ, ಕೆಂಪು ಚೀಟಿಯಿದ್ದ ಪೆಟ್ಟಿಗೆಗೆ ತಾನೂ ಕೈ ಹಾಕಬೇಕು. ಬೇಲಿ ಹತ್ತಿರದಲ್ಲೇ ಇತ್ತು. ಅಮ್ಮನಿಗೂ ಎಲ್ಲ ಕೇಳಿಸಿತ್ತು. ಹೇಳಬೇಡ ಎಂಬಂತೆ ಅವಳು ಮೆಲ್ಲಗೆ ತಲೆಯಾಡಿಸಿದಳು.

“ಊಟ ಚೆನ್ನಾಗಿರುತ್ತೆ ಅಂತಿದ್ದ,” ಎಂದ ಥಾನೊಂಗ್.

“ದಿನಾನೂ?”

“ಮೂರು ಹೊತ್ತೂ.”

ಮೊಟ್ ಕೈ ಎತ್ತಿದ. ಚಾವಡಿ ಹಾರಿಹೋಗುವಂತೆ ಕೂಗೆದ್ದಿತು. ನಿನ್ನೆಯವರೆಗೆ ತಮ್ಮ ಮೀನಿನ ದೋಣಿಗೆ ಹತ್ತಿಸದಿದ್ದವರೇ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಮ್ಮ ಓಡಿಬಂದು ಮಗನ ಕೊರಳಿಗೆ ಹಾರ ಹಾಕಿ ಬಿಕ್ಕಿ ಬಿಕ್ಕಿ ಅತ್ತಳು. ಥಾನೊಂಗ್‌ಗೆ ತನ್ನ ಮೇಲೇ ಹೇಸಿಗೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಬದುಕಿಕೊಂಡೆನೆಂಬ ಸಂತೋಷ ಹೊಟ್ಟೆಯಲ್ಲಿ ಬೆಚ್ಚಗೆ ಕೂತಿತ್ತು. ಅದನ್ನು ಕಂಡು ಇನ್ನಷ್ಟು ಹೇಸಿದ.

ಹೆಬ್ಬೆಟ್ಟು ಒತ್ತಿದ ಮೊಟ್, ಶಾಯಿ ಮೆತ್ತಿದ ಬೆರಳನ್ನು ತೊಡೆಗೆ ಒರೆಸಿಕೊಳ್ಳುತ್ತ ಓಡಿಬಂದ.

“ಅಣ್ಣಾ, ಯಾವ ಕ್ಯಾಂಪು ಬೇಕು ಅಂದ್ರು. ನಂಗೇನ್ ಗೊತ್ತು? ದೊಡ್ಡಣ್ಣ ಇದ್ದಲ್ಲಿಗೇ ಹಾಕಿ ಅಂದೆ. ಅವರ ಹೆಸರು ಹೇಳಿದ್ರೆ ಚೆನ್ನಾಗಿ ನೋಡ್ಕೋತಾರಲ್ವಾ?”

ಥಾನೊಂಗ್ ಬಾಯಿ ತೆರೆದ. ಅಮ್ಮ ಅವನ ಮೊಣಕೈಯನ್ನು ಉಗುರು ಊರುವಂತೆ ಹಿಡಿದಳು.

“ನೋಡ್ಕೋತಾರಪ್ಪಾ,” ಎಂದಳು.